ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶ ಹೆಚ್ಚು ಬಂದಿದೆ, ಕಾರಣ ಏನಿರಬಹುದು?

ಕುವೆಂಪುನಗರದ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನನಗೆ ಐವತ್ನಾಲ್ಕು ವರ್ಷ. ಎರಡು ಮೂರು ತಿಂಗಳಿನಿಂದ ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಸುಸ್ತಾಗಿ, ಕಚೇರಿಯಲ್ಲಿ ಕುರ್ಚಿಯಿಂದ ಏಳುವುದಕ್ಕೂ ಮನಸ್ಸು ಬಾರದಂತಾಗುತ್ತಿದ್ದುದರಿಂದ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಪ್ರಯೋಗಾಲಯದವರಲ್ಲಿ ಪೂರ್ಣ ತಪಾಸಣೆ ಮಾಡಿಸಿದೆ. ರಕ್ತ ಕಡಿಮೆಯಾಗಿದೆ ಎಂದು ಬರಬಹುದು ಎಂದುಕೊಂಡಿದ್ದೆ. ವರದಿ ಅದಕ್ಕೆ ತದ್ವಿರುದ್ಧವಾಗಿ ಬಂದಿದೆ. ಸೀರಂ ಐರನ್ 212, ಟಿಐಬಿಸಿ 298, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಶೇಕಡಾ 71, ಫೆರಿಟಿನ್ 512. ಟಿಐಬಿಸಿ ಒಂದನ್ನು ಬಿಟ್ಟು ಉಳಿದ ಮೂರೂ ಕೆಂಪು ಅಕ್ಷರದಲ್ಲಿವೆ. ಹಿಮೋಗ್ಲೋಬಿನ್ 14.6 ಇದೆ.

ರಾತ್ರಿ ಕುಳಿತು ಅಂತರ್ಜಾಲದಲ್ಲಿ ಹುಡುಕಿದಾಗ ಎಲ್ಲೆಡೆ ಕಂಡದ್ದು ಹಿಮೋಕ್ರೊಮ್ಯಾಟೋಸಿಸ್ ಎಂಬ ಒಂದೇ ಹೆಸರು. ಯಕೃತ್ತು ಕೆಡುತ್ತದೆ, ಹೃದಯಕ್ಕೆ ತೊಂದರೆಯಾಗುತ್ತದೆ, ಚರ್ಮ ಕಂಚಿನ ಬಣ್ಣಕ್ಕೆ ತಿರುಗುತ್ತದೆ ಎಂದೆಲ್ಲ ಓದಿ, ಕನ್ನಡಿಯ ಮುಂದೆ ನಿಂತು ನನ್ನ ಬಣ್ಣವನ್ನೇ ಅನುಮಾನದಿಂದ ನೋಡಿಕೊಳ್ಳುವಂತಾಯಿತು. ಹುಟ್ಟಿದಾಗಿನಿಂದ ಇದೇ ಬಣ್ಣ ಎಂದು ಹೆಂಡತಿ ನಕ್ಕಳು. ವೈದ್ಯರ ಭೇಟಿ ಮುಂದಿನ ವಾರವಿದೆ. ಅಷ್ಟರೊಳಗೆ ವಿಷಯ ಬಲ್ಲವರು ಸ್ವಲ್ಪ ತಿಳಿಸಿದರೆ ಉಪಕಾರವಾಗುತ್ತದೆ.

ಹೊಸಹಳ್ಳಿಯವರು, ಮಂಡ್ಯ

ಸರ್, ನಿಮ್ಮ ಮನೆಯಲ್ಲಿ ದೋಸೆಗೆ ಕಬ್ಬಿಣದ ಕಾವಲಿ, ಒಗ್ಗರಣೆಗೆ ಕಬ್ಬಿಣದ ಬಾಣಲೆ ಬಳಸುತ್ತೀರಾ? ದಿನವೂ ರಾಗಿ ಮುದ್ದೆ, ಸೊಪ್ಪಿನ ಸಾರು, ಬೆಲ್ಲ ತಿನ್ನುವವರಿಗೆ ಹೀಗಾಗುವುದು ಸಹಜ ಎಂದು ನನ್ನ ಅನಿಸಿಕೆ. ಕೊಳವೆಬಾವಿಯ ನೀರಾದರೆ ಅದನ್ನೂ ಪರೀಕ್ಷೆ ಮಾಡಿಸಿ. ನಮ್ಮ ಬೀದಿಯ ನೀರು ಬಿಂದಿಗೆಯಲ್ಲಿ ಎರಡು ದಿನ ನಿಂತರೆ ತಳದಲ್ಲಿ ಕೆಂಪು ಕೂರುತ್ತದೆ.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಮಂಡ್ಯ

ಆಹಾರದ ಮಾತಿಗೆ ಹೋಗುವ ಮೊದಲು ಆ ನಾಲ್ಕು ಅಂಕಿಗಳು ಏನನ್ನು ಅಳೆಯುತ್ತವೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ನಾಲೆ ಬಯಲಿನ ಭಾಷೆಯಲ್ಲಿ ಹೇಳುತ್ತೇನೆ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಒಂದು ಪ್ರೋಟೀನು ಇದೆ. ಅದು ಭತ್ತ ಸಾಗಿಸುವ ಗಾಡಿಯ ಹಾಗೆ. ಈ ಗಳಿಗೆಯಲ್ಲಿ ರಸ್ತೆಯ ಮೇಲಿರುವ ಗಾಡಿಗಳಲ್ಲಿ ಎಷ್ಟು ಮೂಟೆ ಇದೆ ಎಂಬುದೇ ಸೀರಂ ಐರನ್. ಎಲ್ಲ ಗಾಡಿಗಳನ್ನೂ ತುಂಬಿದರೆ ಒಟ್ಟು ಎಷ್ಟು ಮೂಟೆ ಹಿಡಿಯಬಹುದು ಎಂಬುದು ಟಿಐಬಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸ್ಯಾಚುರೇಶನ್, ಅಂದರೆ ನೂರರಲ್ಲಿ ಎಷ್ಟು ಪಾಲು ಗಾಡಿ ತುಂಬಿದೆ ಎಂಬ ಲೆಕ್ಕ. ಫೆರಿಟಿನ್ ಮಾತ್ರ ರಸ್ತೆಯ ಲೆಕ್ಕವಲ್ಲ; ಅದು ಮನೆಯ ಕಣಜದಲ್ಲಿರುವ ದಾಸ್ತಾನಿನ ಅಂದಾಜು.

ಈಗ ಮುಖ್ಯವಾದ ಮಾತು. ಸೀರಂ ಐರನ್ ಬಹಳ ಚಂಚಲವಾದ ಅಂಕಿ. ಸಾಮಾನ್ಯವಾಗಿ 60ರಿಂದ 170 ಮೈಕ್ರೋಗ್ರಾಂ ಇರಬೇಕು ಎನ್ನುತ್ತಾರೆ. ಆದರೆ ಅದೇ ಮನುಷ್ಯನಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು, ನಾಳೆ ಮತ್ತೊಂದು ಬರುತ್ತದೆ. ಕಬ್ಬಿಣದ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಅದು ಜಿಗಿಯುತ್ತದೆ. ರಕ್ತ ತೆಗೆಯುವಾಗ ನರ ಸಿಗದೆ ತಿಣುಕಿ, ಸಿರಿಂಜಿನಲ್ಲಿ ಜೋರಾಗಿ ಎಳೆದು, ಕೆಂಪು ರಕ್ತಕಣಗಳು ಒಡೆದುಹೋದರೆ ಅವುಗಳೊಳಗಿನ ಕಬ್ಬಿಣ ಸೀರಮ್ಮಿಗೆ, ಅಂದರೆ ರಕ್ತದ ತಿಳಿ ಭಾಗಕ್ಕೆ, ಸೇರಿ ಅಂಕಿ ಏರಬಹುದು. ಅಂಥ ಸೀರಂ ನೋಡುವುದಕ್ಕೇ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಅದನ್ನು ನಾವು ಹಿಮೊಲೈಸ್ ಆದ ಮಾದರಿ ಎಂದು ಬದಿಗಿಟ್ಟು ಮತ್ತೆ ರಕ್ತ ಕೇಳುತ್ತಿದ್ದೆವು. ನೀವು ರಕ್ತ ಕೊಟ್ಟದ್ದು ಎಷ್ಟು ಗಂಟೆಗೆ? ಅದಕ್ಕೆ ಮೊದಲು ಏನಾದರೂ ಮಾತ್ರೆ, ಟಾನಿಕ್ಕು ತೆಗೆದುಕೊಂಡಿದ್ದಿರಾ? ಮರೆಯದೆ ಯೋಚಿಸಿ ಹೇಳಿ. ನನ್ನ ಅನುಭವದಲ್ಲಿ ಅನೇಕರು ಟಾನಿಕ್ಕನ್ನು ಔಷಧಿ ಎಂದೇ ಎಣಿಸುವುದಿಲ್ಲ.

ಕುವೆಂಪುನಗರದ ನಿವಾಸಿ, ಮೈಸೂರು

ಸರ್, ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ. ಮಗಳ ಬಾಣಂತನಕ್ಕೆಂದು ತಂದಿದ್ದ ಕಬ್ಬಿಣದ ಮಾತ್ರೆಗಳು ಅವಳು ಗಂಡನ ಮನೆಗೆ ಹೋದ ಮೇಲೂ ಡಬ್ಬಿಯಲ್ಲಿ ಉಳಿದಿದ್ದವು. ಸುಸ್ತಿಗೆ ಒಳ್ಳೆಯದಾಗಬಹುದು, ಹಾಳಾಗುವುದೇಕೆ ಎಂದು ಆರು ವಾರಗಳಿಂದ ದಿನಕ್ಕೊಂದು ನಾನೇ ನುಂಗುತ್ತಿದ್ದೇನೆ. ರಕ್ತ ಕೊಟ್ಟ ದಿನ ಊಟ ತಿಂಡಿ ಮಾಡಬಾರದು ಎಂದಿದ್ದರು. ಮಾತ್ರೆ ಊಟವಲ್ಲವಲ್ಲ ಎಂದು ಬೆಳಗ್ಗೆ ಆರು ಗಂಟೆಗೆ ನೀರಿನೊಂದಿಗೆ ತೆಗೆದುಕೊಂಡೆ. ಹುಡುಗ ಬಂದು ರಕ್ತ ತೆಗೆದದ್ದು ಎಂಟೂವರೆಗೆ. ಪಟ್ಟಿಯ ಮೇಲೆ ಫೆರಸ್ ಆಸ್ಕಾರ್ಬೇಟ್, ಕಬ್ಬಿಣ 100 ಮಿಲಿಗ್ರಾಂ ಎಂದಿದೆ.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಮಂಡ್ಯ

ಹಾಗಾದರೆ ಸೀರಂ ಐರನ್ ಮತ್ತು ಸ್ಯಾಚುರೇಶನ್ ಎರಡನ್ನೂ ಸದ್ಯಕ್ಕೆ ನಂಬಬೇಡಿ. ಖಾಲಿ ಹೊಟ್ಟೆಯಲ್ಲಿ ನುಂಗಿ ಎರಡೂವರೆ ಗಂಟೆಗೆ ರಕ್ತ ಕೊಟ್ಟರೆ ಗಾಡಿಗಳು ತುಂಬಿಯೇ ಇರುತ್ತವೆ. ಆದರೆ ಫೆರಿಟಿನ್ 512 ಅಷ್ಟು ಸುಲಭವಾಗಿ ಆ ಮಾತ್ರೆಯ ತಲೆಗೆ ಕಟ್ಟುವಂಥದ್ದಲ್ಲ. ಅದರ ಬಗ್ಗೆ ವೈದ್ಯರೇ ಹೇಳಬೇಕು.

ವೈದ್ಯೆ, ಮೈಸೂರು

ಹಿರಿಯರು ಸರಿಯಾದ ಜಾಗದಲ್ಲಿ ಗೆರೆ ಎಳೆದಿದ್ದಾರೆ. ನಾನು ಸಾಮಾನ್ಯ ವೈದ್ಯಕೀಯ ವಿಭಾಗದವಳು. ಇಲ್ಲಿ ಬರೆಯುವುದು ತಿಳಿವಳಿಕೆಗೆ, ನಿಮ್ಮನ್ನು ಪರೀಕ್ಷಿಸುವ ವೈದ್ಯರ ಮಾತೇ ನಿಮಗೆ ಕಡೆಯದು.

ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣವಿರುತ್ತದೆ, ಅದರಲ್ಲಿ ಬಹುಪಾಲು ಕೆಂಪು ರಕ್ತಕಣಗಳಲ್ಲಿ. ದಿನಕ್ಕೆ ಕರುಳು ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ, ಕರುಳಿನ ಒಳಪದರದ ಮತ್ತು ಚರ್ಮದ ಕೋಶಗಳು ಉದುರುವಾಗ ಹೊರಹೋಗುವುದೂ ಹೆಚ್ಚುಕಡಿಮೆ ಅಷ್ಟೇ. ಉಪ್ಪು ಹೆಚ್ಚಾದರೆ ಮೂತ್ರಪಿಂಡ ಹೊರಹಾಕುತ್ತದೆ. ಕಬ್ಬಿಣಕ್ಕೆ ಅಂಥ ಬಾಗಿಲು ಇಲ್ಲ. ಆದ್ದರಿಂದ ಒಳಬರುವ ಕಡೆಯೇ ಕಾವಲು ಇರಬೇಕಾಗುತ್ತದೆ. ಆ ಕಾವಲುಗಾರನ ಹೆಸರು ಹೆಪ್ಸಿಡಿನ್, ಯಕೃತ್ತು ತಯಾರಿಸುವ ಒಂದು ಹಾರ್ಮೋನು. ಕಣಜ ತುಂಬಿದಾಗ ಹೆಪ್ಸಿಡಿನ್ ಹೆಚ್ಚಾಗಿ ಕರುಳಿನ ಬಾಗಿಲು ಮುಚ್ಚುತ್ತದೆ. ವಂಶಪಾರಂಪರ್ಯವಾಗಿ ಈ ವ್ಯವಸ್ಥೆ ಕೆಟ್ಟಿರುವವರಲ್ಲಿ ಬಾಗಿಲು ಮುಚ್ಚುವುದೇ ಇಲ್ಲ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕಬ್ಬಿಣ ಸೇರಿ ಯಕೃತ್ತು, ಮೇದೋಜೀರಕ ಗ್ರಂಥಿ, ಹೃದಯ, ಕೀಲುಗಳಲ್ಲಿ ಕೂರುತ್ತದೆ. ನೀವು ಓದಿ ಹೆದರಿದ ಹಿಮೋಕ್ರೊಮ್ಯಾಟೋಸಿಸ್ ಇದೇ. ಇದಕ್ಕೆ ಕಾರಣವಾದ ಎಚ್‌ಎಫ್‌ಇ ಎಂಬ ವಂಶವಾಹಿಯನ್ನು 1996ರಲ್ಲಿ ಗುರುತಿಸಲಾಯಿತು. ಉತ್ತರ ಯುರೋಪಿನ ಮೂಲದವರಲ್ಲಿ ಅದರ ಸಿ282ವೈ ಎಂಬ ದೋಷ ಸಾಮಾನ್ಯ, ಭಾರತೀಯರಲ್ಲಿ ಬಹಳ ಅಪರೂಪ. ಅಂತರ್ಜಾಲದ ಬರಹಗಳಲ್ಲಿ ಹೆಚ್ಚಿನವು ಅಲ್ಲಿಯವರು ಅಲ್ಲಿಯವರಿಗಾಗಿ ಬರೆದವು. ಹಾಗಾಗಿ ನಮ್ಮಲ್ಲಿ ಕೊನೆಗೆ ಯೋಚಿಸಬೇಕಾದ ಕಾರಣವು ನಿಮ್ಮ ಫೋನಿನಲ್ಲಿ ಮೊದಲು ಬಂದು ನಿಂತಿತು. ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಸ್ಯಾಚುರೇಶನ್ ಶೇಕಡಾ 45ಕ್ಕಿಂತ ಮೇಲೆಯೇ ಉಳಿದು, ಫೆರಿಟಿನ್ ಕೂಡ ಹೆಚ್ಚಿದ್ದರೆ ಆಗ ಆ ದಾರಿಯಲ್ಲಿ ಹುಡುಕಲೇಬೇಕು.

ಇನ್ನು ಫೆರಿಟಿನ್. ಇದು ಕಣಜದ ಲೆಕ್ಕಪುಸ್ತಕ ನಿಜ, ಆದರೆ ಊರಿನಲ್ಲಿ ಗಲಾಟೆಯಾದಾಗ ಆ ಪುಸ್ತಕ ಸುಳ್ಳು ಲೆಕ್ಕ ತೋರಿಸುತ್ತದೆ. ದೇಹದಲ್ಲಿ ಎಲ್ಲಿಯೇ ಉರಿಯೂತವಾಗಲಿ, ಸೋಂಕಾಗಲಿ, ಯಕೃತ್ತಿನ ಕೋಶಗಳಿಗೆ ಪೆಟ್ಟಾಗಲಿ, ಕಬ್ಬಿಣ ಹೆಚ್ಚದೆಯೂ ಫೆರಿಟಿನ್ ಏರುತ್ತದೆ. 2020 ಮತ್ತು 2021ರಲ್ಲಿ ಕೊರೋನಾ ರೋಗಿಗಳ ವರದಿಗಳಲ್ಲಿ ಈ ಹೆಸರು ಮನೆಮನೆಗೂ ಪರಿಚಯವಾದದ್ದು ಅದೇ ಕಾರಣಕ್ಕೆ. ಡೆಂಗಿ ಜ್ವರದಲ್ಲಿಯೂ ಏರುತ್ತದೆ. ಸಂಧಿವಾತ, ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ, ಕೆಲವು ಕ್ಯಾನ್ಸರುಗಳು, ದಿನನಿತ್ಯದ ಮದ್ಯಪಾನ ಇವೆಲ್ಲ ಪಟ್ಟಿಯಲ್ಲಿವೆ. ಮದ್ಯ ಎರಡು ಕಡೆಯಿಂದ ಕೆಡಿಸುತ್ತದೆ: ಯಕೃತ್ತಿಗೆ ಪೆಟ್ಟು ಕೊಡುವುದಲ್ಲದೆ ಹೆಪ್ಸಿಡಿನ್ನನ್ನೂ ತಗ್ಗಿಸಿ ಕರುಳಿನ ಬಾಗಿಲನ್ನು ತೆರೆದಿಡುತ್ತದೆ. ಆದರೆ ನನ್ನ ಹೊರರೋಗಿ ವಿಭಾಗದಲ್ಲಿ ಮಧ್ಯವಯಸ್ಸಿನ ಗಂಡಸರು ಇಂಥ ವರದಿ ಹಿಡಿದು ಬಂದಾಗ ನನಗೆ ಮೊದಲು ನೆನಪಾಗುವುದು ಫ್ಯಾಟಿ ಲಿವರ್ (ಯಕೃತ್ತಿನಲ್ಲಿ ಕೊಬ್ಬು ತುಂಬುವುದು), ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ. ಆದ್ದರಿಂದ ಕೇಳುತ್ತೇನೆ: ನಿಮ್ಮ ವರದಿಯ ಉಳಿದ ಪುಟಗಳಲ್ಲಿ ಎಸ್‌ಜಿಪಿಟಿ (ಯಕೃತ್ತಿನ ಸ್ಥಿತಿ ತೋರುವ ಅಂಕಿ), ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಎಷ್ಟಿವೆ?

ಕುವೆಂಪುನಗರದ ನಿವಾಸಿ, ಮೈಸೂರು

ಡಾಕ್ಟರ್ ಮೇಡಂ, ಕಬ್ಬಿಣದ ಗಾಬರಿಯಲ್ಲಿ ಆ ಪುಟಗಳನ್ನು ತಿರುವಿ ಹಾಕಿಯೇ ಇರಲಿಲ್ಲ. ಎಸ್‌ಜಿಪಿಟಿ 64, ಖಾಲಿ ಹೊಟ್ಟೆಯ ಸಕ್ಕರೆ 114, ಟ್ರೈಗ್ಲಿಸರೈಡ್ 246, ಮೂರೂ ಮಿತಿಗಿಂತ ಹೆಚ್ಚು. ಕುಡಿತದ ಅಭ್ಯಾಸವಿಲ್ಲ. ಸೊಂಟದ ಸುತ್ತಳತೆಯನ್ನು ಇಲ್ಲಿ ಬರೆಯಲಾರೆ.

ಆಹಾರ ವಿಜ್ಞಾನದ ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಹೊಸಹಳ್ಳಿಯವರ ಮಾತಿಗೆ ಉತ್ತರ ಕೊಡಬೇಕೆನಿಸಿತು, ಏಕೆಂದರೆ ಇಂಥ ವರದಿ ಬಂದ ಕೂಡಲೇ ಜನ ಮೊದಲು ಬಿಡುವುದು ರಾಗಿ ಮತ್ತು ಸೊಪ್ಪನ್ನು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವ ಕಬ್ಬಿಣ ನಾಲ್ಕರಿಂದ ನಾಲ್ಕೂವರೆ ಮಿಲಿಗ್ರಾಂ. ದಿನಕ್ಕೆ ಎರಡು ದೊಡ್ಡ ಮುದ್ದೆ ತಿಂದರೂ ಒಂಬತ್ತನ್ನು ದಾಟುವುದು ಕಷ್ಟ. ರಾಗಿಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್‌ಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಕರುಳಿಗೆ ದಕ್ಕುವುದು ಅದರಲ್ಲಿ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಊಟದ ಮೇಲೆ ಕಾಫಿ ಕುಡಿದರೆ ಇನ್ನೂ ಕಡಿಮೆ. ಕುವೆಂಪುನಗರದ ಸರ್ ನುಂಗಿದ ಒಂದು ಮಾತ್ರೆಯಲ್ಲಿದ್ದದ್ದು ನೂರು ಮಿಲಿಗ್ರಾಂ, ಅಂದರೆ ಇಪ್ಪತ್ತಕ್ಕೂ ಹೆಚ್ಚು ಮುದ್ದೆಗಳಷ್ಟು. ಜೊತೆಗೆ ಆಸ್ಕಾರ್ಬೇಟ್ ಎಂದರೆ ವಿಟಮಿನ್ ಸಿ ಸೇರಿಕೊಂಡದ್ದರಿಂದ ಹೀರಿಕೆಯೂ ಸಲೀಸು.

ಕಬ್ಬಿಣದ ಪಾತ್ರೆಯಿಂದ ಆಹಾರಕ್ಕೆ ಕಬ್ಬಿಣ ಇಳಿಯುವುದು ನಿಜ. ಹುಣಸೆಹಣ್ಣು, ಟೊಮ್ಯಾಟೊ ಹಾಕಿ ಬಹಳ ಹೊತ್ತು ಕುದಿಸಿದರೆ ಹೆಚ್ಚು ಇಳಿಯುತ್ತದೆ. ಕಾವಲಿಯ ಮೇಲೆ ಎರಡು ನಿಮಿಷ ಕೂರುವ ದೋಸೆಯಿಂದ ಅಷ್ಟಿಲ್ಲ. ಆಫ್ರಿಕದ ಕೆಲವು ಭಾಗಗಳಲ್ಲಿ ಕಬ್ಬಿಣದ ಪೀಪಾಯಿಗಳಲ್ಲಿ ಹುದುಗಿಸಿದ ಮನೆಯ ಬಿಯರನ್ನು ದಿನವೂ ಬಹಳ ಪ್ರಮಾಣದಲ್ಲಿ ಕುಡಿದವರಿಗೆ ದೇಹದಲ್ಲಿ ಕಬ್ಬಿಣ ತುಂಬಿಕೊಂಡದ್ದು ವೈದ್ಯಕೀಯದಲ್ಲಿ ಪ್ರಸಿದ್ಧವಾದ ಉದಾಹರಣೆ. ಆದರೆ ಅದು ಹುಳಿ ದ್ರವ, ದೀರ್ಘಕಾಲದ ಹುದುಗು, ಮದ್ಯ ಎಲ್ಲ ಸೇರಿದ್ದು. ನಮ್ಮ ಬಾಣಲೆಗೆ ಆ ಅಪವಾದ ಹೊರಿಸಲಾಗದು. ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 0.3 ಮಿಲಿಗ್ರಾಂ ದಾಟಿದರೇ ಬಟ್ಟೆಗೂ ಕೊಳಾಯಿಗೂ ಕಲೆ ಹಿಡಿಯುತ್ತದೆ, ಆದ್ದರಿಂದ ಕೆಂಪು ಕಂಡದ್ದೆಲ್ಲ ಅಪಾಯದ ಗುರುತಲ್ಲ.

ಹೊಸಹಳ್ಳಿಯವರು, ಮಂಡ್ಯ

ಲೆಕ್ಕ ಒಪ್ಪಿದೆ ತಾಯಿ. ಆದರೆ ನ್ಯಾಯಬೆಲೆ ಅಂಗಡಿಯ ಸಾರವರ್ಧಿತ ಅಕ್ಕಿಯ ಮಾತೇನು? ಅದಕ್ಕೂ ಕಬ್ಬಿಣ ಸೇರಿಸುತ್ತಾರೆ ಎಂದು ಕೇಳಿದ್ದೇನೆ.

ಆಹಾರ ವಿಜ್ಞಾನದ ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಸೇರಿಸುತ್ತಾರೆ. ಕಿಲೋ ಅಕ್ಕಿಗೆ 28ರಿಂದ 42.5 ಮಿಲಿಗ್ರಾಂ ಎಂಬುದು ನಿಗದಿಯಾದ ಪ್ರಮಾಣ. ದಿನಕ್ಕೆ ಇನ್ನೂರು ಗ್ರಾಂ ಅಕ್ಕಿಯ ಅನ್ನ ಉಂಡರೆ ಆರರಿಂದ ಎಂಟೂವರೆ ಮಿಲಿಗ್ರಾಂ ಆಯಿತು. ಆರೋಗ್ಯವಂತರ ಕರುಳಿನ ಕಾವಲುಗಾರ ಇದನ್ನು ನಿಭಾಯಿಸುತ್ತಾನೆ. ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶಪಾರಂಪರ್ಯ ಕಾಯಿಲೆ) ಇರುವ ಮನೆಯವರು ಮಾತ್ರ ತಮ್ಮ ವೈದ್ಯರನ್ನು ಕೇಳಿ ನಿರ್ಧರಿಸಬೇಕು.

ಮದ್ದೂರಿನವಳು

ಥಲಸ್ಸೇಮಿಯಾ ಎಂಬ ಹೆಸರು ಬಂದದ್ದರಿಂದ ನನ್ನ ಕಥೆ ಹೇಳುತ್ತೇನೆ. ಪ್ರೌಢಶಾಲೆಯಲ್ಲಿದ್ದಾಗಿನಿಂದ ನನಗೆ ಹಿಮೋಗ್ಲೋಬಿನ್ ಹತ್ತರ ಆಸುಪಾಸಿನಲ್ಲಿಯೇ ಇದೆ. ಹೋದಲ್ಲೆಲ್ಲ ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಎರಡು ಬಸಿರಿನಲ್ಲೂ ನುಂಗಿದೆ, ಆಮೇಲೆಯೂ ವರ್ಷಗಟ್ಟಲೆ ನುಂಗಿದೆ. ಮಲ ಕಪ್ಪಾಯಿತು, ಮಲಬದ್ಧತೆ ಬಂತು, ಹಿಮೋಗ್ಲೋಬಿನ್ ಮಾತ್ರ ಒಂದು ಅಂಗುಲ ಮೇಲೇಳಲಿಲ್ಲ. ಸರಿಯಾಗಿ ನುಂಗುತ್ತಿಲ್ಲ ಎಂದು ನನ್ನನ್ನೇ ಬೈದರು. ಹೋದ ವರ್ಷ ಒಬ್ಬ ಹೊಸ ವೈದ್ಯರು ಮೊದಲ ಬಾರಿಗೆ ಫೆರಿಟಿನ್ ಮಾಡಿಸಿದರು, 340 ಬಂತು. ಕಬ್ಬಿಣ ಕಡಿಮೆಯಿಲ್ಲ, ಬೇಕಾದುದಕ್ಕಿಂತ ಹೆಚ್ಚೇ ಇದೆ ಎಂದು ತಿಳಿದಾಗ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಮೇಲೆ ಎಚ್‌ಬಿ ಎಲೆಕ್ಟ್ರೋಫೊರೆಸಿಸ್ ಎಂಬ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ಶೇಕಡಾ 5.4 ಎಂದು ಬಂದು, ನಾನು ಬೀಟಾ ಥಲಸ್ಸೇಮಿಯಾ ವಾಹಕಿ, ಅಂದರೆ ಅದರ ಒಂದು ದೋಷದ ವಂಶವಾಹಿ ಹೊತ್ತವಳು, ಎಂದು ಗೊತ್ತಾಯಿತು.

ವೈದ್ಯೆ, ಮೈಸೂರು

ಮೇಡಂ, ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಬೀಟಾ ಥಲಸ್ಸೇಮಿಯಾ ವಾಹಕರಿದ್ದಾರೆ ಎಂಬುದು ಸಾಮಾನ್ಯ ಅಂದಾಜು. ಕಬ್ಬಿಣದ ಕೊರತೆಯಲ್ಲಿಯೂ ಇದರಲ್ಲಿಯೂ ಕೆಂಪು ಕಣಗಳು ಸಣ್ಣದಾಗಿರುತ್ತವೆ, ಆದ್ದರಿಂದ ಗೊಂದಲ. ಆದರೆ ಸಾಮಾನ್ಯ ರಕ್ತಪರೀಕ್ಷೆಯ ಹಾಳೆಯಲ್ಲಿಯೇ ಒಂದು ಸುಳಿವು ಇರುತ್ತದೆ: ಎಂಸಿವಿಯನ್ನು (ಕೆಂಪು ಕಣದ ಸರಾಸರಿ ಗಾತ್ರ) ಕೆಂಪು ಕಣಗಳ ಸಂಖ್ಯೆಯಿಂದ ಭಾಗಿಸಿದಾಗ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ವಾಹಕರಿರಬಹುದು ಎಂಬ ಅನುಮಾನ ಹುಟ್ಟಬೇಕು. ಉದಾಹರಣೆಗೆ ಎಂಸಿವಿ 63, ಕೆಂಪು ಕಣ 5.6 ಇದ್ದರೆ 11.25 ಬರುತ್ತದೆ. ಎ2 ಪ್ರಮಾಣ ಶೇಕಡಾ 3.5 ದಾಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ನಿಮ್ಮ ಪತಿಯವರನ್ನೂ ಪರೀಕ್ಷೆ ಮಾಡಿಸಿದ್ದೀರಾ? ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಥಲಸ್ಸೇಮಿಯಾ ಮೇಜರ್, ಅಂದರೆ ಅದರ ತೀವ್ರ ರೂಪ, ಬರುವ ಸಾಧ್ಯತೆ ಇರುತ್ತದೆ. ಮಕ್ಕಳ ಮದುವೆಯ ವಯಸ್ಸಿಗೆ ಅವರ ಪರೀಕ್ಷೆಯೂ ಆಗಲಿ.

ಮದ್ದೂರಿನವಳು

ಅವರದು ಸರಿಯಿದೆ ಮೇಡಂ. ದೊಡ್ಡ ಮಗಳು ನನ್ನ ಹಾಗೆಯೇ ವಾಹಕಿ.

ತಂದೆ, ಮೈಸೂರು

ನನ್ನ ಮಗ ಥಲಸ್ಸೇಮಿಯಾ ಮೇಜರ್. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಒಂದೊಂದು ಯೂನಿಟ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಬರುತ್ತದೆ, ಹೋಗಲು ದಾರಿಯಿಲ್ಲ. ಡೆಫೆರಾಸಿರಾಕ್ಸ್ ಮಾತ್ರೆ ದಿನವೂ ಕೊಡುತ್ತೇವೆ. ಅದು ಕಬ್ಬಿಣವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ನಮ್ಮ ಮನೆಯಲ್ಲಿ ಫೆರಿಟಿನ್ ಒಂದು ಸಾವಿರದ ಒಳಗೆ ಬಂದ ದಿನ ಪಾಯಸ ಮಾಡುತ್ತೇವೆ. 512 ಎಂದು ಗಾಬರಿಯಾದವರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ಒಂದೇ ಅಂಕಿ ಒಂದು ಮನೆಯಲ್ಲಿ ಭಯ, ಇನ್ನೊಂದು ಮನೆಯಲ್ಲಿ ಸಮಾಧಾನ ಎಂದಷ್ಟೇ.

ಅಗ್ರಹಾರದ ಹಿರಿಯ ನಾಗರಿಕ, ಮೈಸೂರು

ನನ್ನದು ಬೇರೆಯೇ ಬಗೆ. ನಾವು ಸಸ್ಯಾಹಾರಿಗಳು. ಎರಡು ವರ್ಷದ ಹಿಂದೆ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು, ಸೀರಂ ಐರನ್ ಮಾತ್ರ ಮೇಲಿತ್ತು. ಕಬ್ಬಿಣ ಹೆಚ್ಚಿದ್ದೂ ರಕ್ತ ಕಡಿಮೆ ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಕೊನೆಗೆ ಬಿ12 ಬಹಳ ಕಡಿಮೆ ಎಂದು ತಿಳಿಯಿತು. ಇಂಜೆಕ್ಷನ್ ಆರಂಭಿಸಿದ ಮೇಲೆ ರಕ್ತ ಏರುತ್ತ ಬಂದಂತೆ ಕಬ್ಬಿಣ ತಾನಾಗಿಯೇ ಇಳಿಯಿತು.

ವೈದ್ಯೆ, ಮೈಸೂರು

ಹೌದು, ಅಸ್ಥಿಮಜ್ಜೆಯೇ ಕಬ್ಬಿಣದ ದೊಡ್ಡ ಗಿರಾಕಿ. ಬಿ12 ಇಲ್ಲದೆ ಅಲ್ಲಿ ರಕ್ತಕಣ ಸರಿಯಾಗಿ ತಯಾರಾಗದಿದ್ದರೆ, ಗಿರಾಕಿಯಿಲ್ಲದ ಮೂಟೆಗಳು ಗಾಡಿಯಲ್ಲೇ ಉಳಿಯುತ್ತವೆ. ಚಿಕಿತ್ಸೆ ಶುರುವಾದೊಡನೆ ಮಜ್ಜೆ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ, ಕೆಲವರಲ್ಲಿ ಆಗ ಅಡಗಿದ್ದ ಕೊರತೆಯೂ ಬಯಲಾಗುತ್ತದೆ. ಇಂಥವರಿಗೆ ಕಬ್ಬಿಣ ಹೆಚ್ಚಿದೆ ಎಂದು ರಕ್ತ ತೆಗೆಸಿದರೆ ಅನಾಹುತವಾದೀತು.

ಪಾಂಡವಪುರದ ರೈತ

ರಕ್ತ ತೆಗೆಸುವ ಮಾತು ಬಂದದ್ದರಿಂದ ಕೇಳುತ್ತೇನೆ. ಕಬ್ಬಿಣ ಹೆಚ್ಚಿದ್ದವರು ಸುಮ್ಮನೆ ರಕ್ತದಾನ ಮಾಡಿದರೆ ಆಯಿತಲ್ಲವೇ? ಇನ್ನೊಬ್ಬರಿಗೂ ಪುಣ್ಯ, ನಮಗೂ ಹಗುರ.

ವೈದ್ಯೆ, ಮೈಸೂರು

ಹಿಮೋಕ್ರೊಮ್ಯಾಟೋಸಿಸ್ ಖಚಿತವಾದವರಿಗೆ ಚಿಕಿತ್ಸೆ ನಿಜವಾಗಿಯೂ ಅದೇ: ಆರಂಭದಲ್ಲಿ ವಾರಕ್ಕೊಮ್ಮೆ ಸುಮಾರು 450ರಿಂದ 500 ಮಿಲಿಲೀಟರ್ ರಕ್ತ ತೆಗೆಯುತ್ತಾರೆ, ಫೆರಿಟಿನ್ ನೂರರೊಳಗೆ ಇಳಿಯುವವರೆಗೆ. ಅದು ವೈದ್ಯರ ಉಸ್ತುವಾರಿಯಲ್ಲಿ ನಡೆಯುವ ಕೆಲಸ. ರಕ್ತದಾನ ಶಿಬಿರದಲ್ಲಿ ಗಂಡಸರು ಎರಡು ದಾನಗಳ ನಡುವೆ 90 ದಿನ, ಹೆಂಗಸರು 120 ದಿನ ಕಾಯಬೇಕು, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆಯಿರಬಾರದು. ಆರೋಗ್ಯವಂತರು ದಾನ ಮಾಡುವುದು ಒಳ್ಳೆಯದೇ. ಆದರೆ ಫೆರಿಟಿನ್ ಏರಿರುವುದು ಯಕೃತ್ತಿನ ಉರಿಯೂತದಿಂದಲೋ ಒಳಗಿನ ಸೋಂಕಿನಿಂದಲೋ ಆಗಿದ್ದರೆ, ಅಂಕಿಯನ್ನು ಇಳಿಸಲು ರಕ್ತ ಕೊಡುವುದು ಹೊಗೆಯನ್ನು ಬೀಸಿ ಬೆಂಕಿಯನ್ನು ಮರೆತಂತೆ.

ಕುವೆಂಪುನಗರದ ನಿವಾಸಿ, ಮೈಸೂರು

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ವೈದ್ಯರು ಮಾತ್ರೆಯನ್ನು ಅಂದೇ ನಿಲ್ಲಿಸಲು ಹೇಳಿ, ನಾಲ್ಕು ವಾರ ಬಿಟ್ಟು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದರು. ಸೀರಂ ಐರನ್ 118, ಟಿಐಬಿಸಿ 310, ಸ್ಯಾಚುರೇಶನ್ ಶೇಕಡಾ 38. ಫೆರಿಟಿನ್ 486, ಅಂದರೆ ಹೇಳಿಕೊಳ್ಳುವಷ್ಟು ಇಳಿದಿಲ್ಲ. ಹೊಟ್ಟೆಯ ಅಲ್ಟ್ರಾಸೌಂಡ್‌ನಲ್ಲಿ ಎರಡನೆಯ ಹಂತದ ಫ್ಯಾಟಿ ಲಿವರ್ ಕಂಡಿದೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ) 6.2 ಇದೆ. ಹೆಪಟೈಟಿಸ್ ಬಿ ಮತ್ತು ಸಿ ಇಲ್ಲ. ವಂಶವಾಹಿಯ ಪರೀಕ್ಷೆ ಸದ್ಯಕ್ಕೆ ಬೇಡ ಎಂದರು. ಐರನ್ ಏರಿದ್ದು ಮಾತ್ರೆಯಿಂದ, ಫೆರಿಟಿನ್ ಏರಿದ್ದು ಯಕೃತ್ತಿನಿಂದ. ಒಂದೇ ಹಾಳೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಪಕ್ಕಪಕ್ಕದಲ್ಲಿ ಕುಳಿತಿದ್ದವು, ನಾನು ಎರಡನ್ನೂ ಸೇರಿಸಿ ಒಂದು ಕಾಯಿಲೆ ಮಾಡಿಕೊಂಡಿದ್ದೆ.

ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯಲು ಶುರುಮಾಡಿದ್ದೇನೆ. ಸಂಜೆಯ ಬೋಂಡಾ ನಿಂತಿದೆ, ರಾಗಿ ಮುದ್ದೆ ನಿಂತಿಲ್ಲ. ಮೂರು ತಿಂಗಳ ನಂತರ ಫೆರಿಟಿನ್, ಎಸ್‌ಜಿಪಿಟಿ, ಸಕ್ಕರೆ ಮತ್ತೆ ನೋಡಬೇಕಂತೆ.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಮಂಡ್ಯ

ಸಂತೋಷ ಸರ್. ಮುಂದಿನ ಸಲವೂ ಅದೇ ಪ್ರಯೋಗಾಲಯದಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಾಡಿಸಿ. ಒಂದೊಂದು ಯಂತ್ರದ್ದೂ ಒಂದೊಂದು ಲೆಕ್ಕ, ಬೇರೆ ಕಡೆ ಮಾಡಿಸಿದರೆ ಫೆರಿಟಿನ್ ಇಳಿಯಿತೋ ಯಂತ್ರ ಬದಲಾಯಿತೋ ತಿಳಿಯುವುದಿಲ್ಲ. ಜ್ವರ ನೆಗಡಿ ಇದ್ದರೆ ಎರಡು ಮೂರು ವಾರ ಮುಂದೂಡಿ. ಆ ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಮನೆಯಲ್ಲಿ ಮೊಮ್ಮಗುವಿನ ಕೈಗೆ ಎಟುಕುವಂತೆ ಇಡಬೇಡಿ; ದೊಡ್ಡವರು ನುಂಗಿದರೆ ವರದಿ ಕೆಡುತ್ತದೆ, ಸಣ್ಣ ಮಕ್ಕಳು ಹತ್ತಾರು ನುಂಗಿದರೆ ಪ್ರಾಣಕ್ಕೇ ಬರುತ್ತದೆ.

ಕುವೆಂಪುನಗರದ ನಿವಾಸಿ, ಮೈಸೂರು

ಈಗಲೇ ಎತ್ತಿಡುತ್ತೇನೆ ಸರ್. ಮಗಳು ಮಗುವಿನೊಂದಿಗೆ ಮುಂದಿನ ವಾರ ಬರುತ್ತಿದ್ದಾಳೆ.